ಇಂಗ್ಲಿಷ್ ಅಕಾರಾದಿಯಲ್ಲಿ ಕನ್ನಡದ ಅರ್ಥ: ಇಂಗ್ಲಿಷ್-ಕನ್ನಡ ನಿಘಂಟುಗಳ ಒಂದು ವಿಮರ್ಶೆ

ಯಾವುದೇ ಇಂಗ್ಲಿಷ್-ಕನ್ನಡ ನಿಘಂಟನ್ನು ತೆರೆದರೂ ಮೊದಲ ಪುಟದಲ್ಲಿಯೇ ಎದುರಾಗುವುದು ಒಂದೇ ಅಕ್ಷರದ ಪದ: ‘ಎ’. ಇದಕ್ಕೆ ‘ಒಂದು’, ‘ಒಬ್ಬ’, ‘ಒಬ್ಬಳು’ ಎಂದು ಅರ್ಥ ಹೇಳುವುದು ವಾಡಿಕೆ. ಆದರೆ ಕನ್ನಡದಲ್ಲಿ ಈ ಪದಕ್ಕೆ ಸಂವಾದಿಯಾದ ವ್ಯಾಕರಣ ವರ್ಗವೇ ಇಲ್ಲ. ‘ಮರದ ಮೇಲೆ ಹಕ್ಕಿ ಕೂತಿದೆ’ ಎಂಬಲ್ಲಿ ಇಂಗ್ಲಿಷಿನ ‘ಎ’ ಶೂನ್ಯವಾಗುತ್ತದೆ. ‘ತಿಂಗಳಿಗೆ ಎರಡು ಸಲ’ ಎಂಬಲ್ಲಿ ಚತುರ್ಥಿಯ ಪ್ರತ್ಯಯದೊಳಗೆ ಅಡಗುತ್ತದೆ. ಅಜ್ಜಿಯ ಕತೆಯ ಆರಂಭದಲ್ಲಿ ‘ಒಂದಾನೊಂದು’ ಆಗುತ್ತದೆ. ನಿಘಂಟಿನ ಮೊದಲ ನಮೂದಿನಲ್ಲಿಯೇ ಎರಡು ಭಾಷೆಗಳ ರಚನೆ ಹೀಗೆ ಮುಖಾಮುಖಿಯಾಗುತ್ತದೆ. ಅಲ್ಲಿ ಅರ್ಥ ಹೇಳಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲವೆಂಬುದು ಓದುಗನಿಗೆ ತಿಳಿಯುವುದು ನಿಘಂಟನ್ನು ಮುಚ್ಚಿದ ಮೇಲೆ, ತಾನೇ ಒಂದು ವಾಕ್ಯ ಬರೆಯಲು ಕುಳಿತಾಗ.

ನಿಘಂಟನ್ನು ನಾವು ಸಾಮಾನ್ಯವಾಗಿ ಉಪಕರಣವೆಂದು ಭಾವಿಸುತ್ತೇವೆಯೇ ಹೊರತು ವಿಮರ್ಶೆಗೆ ಒಳಪಡಬೇಕಾದ ಕೃತಿಯೆಂದು ಭಾವಿಸುವುದಿಲ್ಲ. ಕಾವ್ಯ, ಕಾದಂಬರಿ, ನಾಟಕಗಳ ಬಗ್ಗೆ ಸಂಪುಟಗಟ್ಟಲೆ ಚರ್ಚೆ ನಡೆದಿರುವ ಕನ್ನಡದಲ್ಲಿ, ಕಳೆದ ಎರಡು ಶತಮಾನಗಳ ಗದ್ಯವನ್ನು ತೆರೆಮರೆಯಲ್ಲಿ ನಿಂತು ತಿದ್ದಿದ ಇಂಗ್ಲಿಷ್-ಕನ್ನಡ ನಿಘಂಟುಗಳ ಬಗ್ಗೆ ನಡೆದಿರುವ ವಿಮರ್ಶೆ ತೀರ ಕಡಿಮೆ. ಇಂಗ್ಲಿಷ್ ಪದಗಳನ್ನು ಇಂಗ್ಲಿಷಿನ ಅಕ್ಷರಕ್ರಮದಲ್ಲಿ ಜೋಡಿಸಿ ಅವುಗಳ ಮುಂದೆ ಕನ್ನಡದ ಅರ್ಥಗಳನ್ನು ಬರೆಯುವ ಪದ್ಧತಿಯು ಕನ್ನಡವನ್ನು ಯಾವ ಬಗೆಯಲ್ಲಿ ಕಾಣಿಸಿದೆ, ಯಾವುದನ್ನು ಮರೆಮಾಡಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕ್ರಮದ ಪ್ರಶ್ನೆ

ಪದಗಳನ್ನು ಅಕಾರಾದಿಯಾಗಿ ಜೋಡಿಸುವುದು ಇಂದು ನಮಗೆ ತೀರ ಸಹಜವೆಂದು ತೋರುತ್ತದೆ. ಆದರೆ ಅದು ಎಲ್ಲ ಕಾಲಕ್ಕೂ ಸಹಜವಾಗಿರಲಿಲ್ಲ. ಅಮರಕೋಶದಲ್ಲಿ ಪದಗಳು ಕಾಂಡ ಮತ್ತು ವರ್ಗಗಳ ಪ್ರಕಾರ ಹಂಚಿಕೆಯಾಗಿವೆ. ಸ್ವರ್ಗ, ಭೂಮಿ, ವನಸ್ಪತಿ, ಮನುಷ್ಯ ಎಂಬಂತೆ ಲೋಕದ ವಿಂಗಡಣೆಯೇ ಪದಗಳ ವಿಂಗಡಣೆಯೂ ಆಗಿದೆ. ಎರಡನೆಯ ನಾಗವರ್ಮನ ಅಭಿಧಾನ ವಸ್ತುಕೋಶವು ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಪದ್ಯಕೋಶ. ಎರಡನೆಯ ಮಂಗರಾಜನ ಅಭಿನವಾಭಿಧಾನವೂ ಇದೇ ದಾರಿಯದು. ಹಳಗನ್ನಡದ ಪದಗಳನ್ನು ಕುರಿತ ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿಯೂ ಪದ್ಯರೂಪದಲ್ಲಿಯೇ ಇದೆ. ಇವು ಹುಡುಕಿ ನೋಡುವ ಕೋಶಗಳಲ್ಲ, ಕಂಠಪಾಠ ಮಾಡುವ ಕೋಶಗಳು. ಕವಿಯಾಗಬಯಸುವವನು ಇವುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗಿತ್ತು. ಬೇಕೆನಿಸಿದಾಗ ತೆರೆದು ನೋಡಿ ಮುಚ್ಚುವ ನಿಘಂಟು ಕನ್ನಡದಲ್ಲಿ ಬೇರೂರಿದ್ದು ಬಹುಮಟ್ಟಿಗೆ ಮುದ್ರಣದೊಂದಿಗೆ.

ಇಂಗ್ಲಿಷಿನಲ್ಲಿಯೂ ಈ ಕ್ರಮ ತಾನಾಗಿ ನೆಲೆಗೊಂಡದ್ದಲ್ಲ. 1604ರಲ್ಲಿ ರಾಬರ್ಟ್ ಕಾಡ್ರಿ ಎಂಬಾತ ಸುಮಾರು ಎರಡೂವರೆ ಸಾವಿರ ಕಠಿಣ ಪದಗಳ ಕೋಶವನ್ನು ಪ್ರಕಟಿಸಿದಾಗ, ಅಕ್ಷರಗಳ ಕ್ರಮವನ್ನು ಬಾಯಿಪಾಠ ಮಾಡಿಕೊಂಡು ಪದವನ್ನು ಹುಡುಕಬೇಕೆಂದು ಓದುಗರಿಗೆ ಬಿಡಿಸಿ ಹೇಳಬೇಕಾಯಿತು. 1755ರ ಸ್ಯಾಮ್ಯುಯೆಲ್ ಜಾನ್ಸನ್‌ನ ನಿಘಂಟಿನಲ್ಲಿಯೂ ‘ಐ’ ಮತ್ತು ‘ಜೆ’ ಅಕ್ಷರಗಳ ಪದಗಳು ಒಂದೇ ವಿಭಾಗದಲ್ಲಿ ಬೆರೆತಿವೆ. ‘ಯು’ ಮತ್ತು ‘ವಿ’ಗಳ ಸ್ಥಿತಿಯೂ ಅದೇ. ಇಂಗ್ಲಿಷಿನ ಅಕ್ಷರಮಾಲೆಯ ಕ್ರಮಕ್ಕೆ ಧ್ವನಿಯ ಆಧಾರವಿಲ್ಲ. ಅದು ಫಿನೀಷಿಯನ್, ಗ್ರೀಕ್, ಲ್ಯಾಟಿನ್ ಲಿಪಿಗಳ ಮೂಲಕ ಬಳುವಳಿಯಾಗಿ ಬಂದದ್ದು. ಕನ್ನಡದ ವರ್ಣಮಾಲೆಯಾದರೋ ಉಚ್ಚಾರಣೆಯ ಶಾಸ್ತ್ರವನ್ನೇ ಅನುಸರಿಸುತ್ತದೆ. ಸ್ವರಗಳು ಮೊದಲು, ಅನಂತರ ಕಂಠದಿಂದ ತುಟಿಯವರೆಗೆ ವರ್ಗೀಯ ವ್ಯಂಜನಗಳು, ಆಮೇಲೆ ಅವರ್ಗೀಯಗಳು. ಕಿವಿಗೆ ಕೇಳಿದ ಪದವನ್ನು ಕನ್ನಡ ಬಲ್ಲವನು ಕನ್ನಡ ನಿಘಂಟಿನಲ್ಲಿ ಹೆಚ್ಚು ಶ್ರಮವಿಲ್ಲದೆ ಹುಡುಕಬಲ್ಲ. ಇಂಗ್ಲಿಷ್ ನಿಘಂಟಿನಲ್ಲಿ ಹಾಗಲ್ಲ. ‘ನೈಫ್’ ಎಂಬುದನ್ನು ‘ಕೆ’ ಅಕ್ಷರದಲ್ಲಿಯೂ ‘ಸೈಕಾಲಜಿ’ಯನ್ನು ‘ಪಿ’ಯಲ್ಲಿಯೂ ‘ಅವರ್’ ಎಂಬುದನ್ನು ‘ಎಚ್’ನಲ್ಲಿಯೂ ಹುಡುಕಬೇಕು. ಪದದ ಕಾಗುಣಿತ ಗೊತ್ತಿಲ್ಲದವನಿಗೆ ನಿಘಂಟಿನ ಬಾಗಿಲು ತೆರೆಯುವುದೇ ಇಲ್ಲ. ಯಾರಿಗೆ ನಿಘಂಟು ಹೆಚ್ಚು ಅಗತ್ಯವೋ ಅವರಿಗೇ ಅದು ಹೆಚ್ಚು ದೂರವಾಗಿರುವುದು ಈ ಕ್ರಮದ ಮೊದಲ ವೈರುಧ್ಯ. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ಇದನ್ನು ಅನುಭವದಿಂದ ಬಲ್ಲರು.

ನಿಘಂಟು ಯಾರಿಗಾಗಿ?

ವಿಲಿಯಂ ರೀವ್ ಸಿದ್ಧಪಡಿಸಿದ ಇಂಗ್ಲಿಷ್-ಕರ್ನಾಟಕ ನಿಘಂಟು ಮದರಾಸಿನಲ್ಲಿ ಪ್ರಕಟವಾದುದು 1824ರಲ್ಲಿ. ಆತನ ಕರ್ನಾಟಕ-ಇಂಗ್ಲಿಷ್ ನಿಘಂಟು ಬಂದುದು 1832ರಲ್ಲಿ. ಈ ಅನುಕ್ರಮವನ್ನು ಗಮನಿಸಬೇಕು. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ನಿಘಂಟು ಮೊದಲು, ಕನ್ನಡದಿಂದ ಇಂಗ್ಲಿಷಿಗೆ ಹೋಗುವುದು ಎಂಟು ವರ್ಷಗಳ ತರುವಾಯ. ಮಿಷನರಿಗೆ, ಅಧಿಕಾರಿಗೆ ಮೊದಲು ಬೇಕಾಗಿದ್ದುದು ತಾನು ಹೇಳಬೇಕೆಂದುಕೊಂಡದ್ದನ್ನು ಕನ್ನಡದಲ್ಲಿ ಹೇಳುವ ಪದ; ಕನ್ನಡಿಗರು ಬರೆದುದನ್ನು ಓದುವ ಅಗತ್ಯ ಅನಂತರದ್ದು ಎಂದು ಇದರಿಂದ ಊಹಿಸಬಹುದು. ಅಂತಹ ಬಳಕೆದಾರನಿಗೆ ಇಂಗ್ಲಿಷಿನ ಅಕಾರಾದಿ ಅತ್ಯಂತ ಸಹಜವಾದ ಕ್ರಮ, ಏಕೆಂದರೆ ಅವನು ಹೊರಡುವುದೇ ತನ್ನ ಭಾಷೆಯಿಂದ.

ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂದಾಗ ಸನ್ನಿವೇಶ ಪೂರ್ಣವಾಗಿ ತಿರುಗಿತ್ತು. ಈಗ ನಿಘಂಟನ್ನು ತೆರೆಯುವವನು ಕನ್ನಡಿಗ. ಅವನ ಮುಂದಿರುವುದು ಇಂಗ್ಲಿಷ್ ಪುಸ್ತಕ. ಅವನಿಗೆ ಬೇಕಾಗಿರುವುದು ಹೇಳುವ ಪದವಲ್ಲ, ತಿಳಿಯುವ ಅರ್ಥ. ಕ್ರಮ ಅದೇ ಉಳಿಯಿತು, ಕೆಲಸ ಮಾತ್ರ ಬದಲಾಯಿತು. ಇಷ್ಟಕ್ಕೇ ನಿಲ್ಲದೆ ಮೂರನೆಯ ಬಳಕೆದಾರನೊಬ್ಬನೂ ಬಂದ. ಅವನು ಭಾಷಾಂತರಕಾರ. 1963ರಲ್ಲಿ ರಾಜ್ಯದ ರಾಜಭಾಷಾ ಅಧಿನಿಯಮ ಬಂದು, ಆಡಳಿತ ಮತ್ತು ಶಿಕ್ಷಣಗಳಲ್ಲಿ ಕನ್ನಡದ ವ್ಯಾಪ್ತಿ ಬೆಳೆದಂತೆ, ಇಂಗ್ಲಿಷ್ ವಾಕ್ಯವನ್ನು ಕನ್ನಡ ವಾಕ್ಯವನ್ನಾಗಿ ಮಾಡುವವನಿಗೂ ಇದೇ ನಿಘಂಟು ಆಶ್ರಯವಾಯಿತು.

ಓದುಗನಿಗೆ ಬೇಕಾದುದು ವಿವರಣೆ; ಬರೆಯುವವನಿಗೆ ಬೇಕಾದುದು ಸಮಾನಪದ, ಅದೂ ಬಳಕೆಯ ಸಂದರ್ಭ ಸಮೇತವಾಗಿ. ನಮ್ಮ ಇಂಗ್ಲಿಷ್-ಕನ್ನಡ ನಿಘಂಟುಗಳು ಸಾಮಾನ್ಯವಾಗಿ ಈ ಎರಡನ್ನೂ ಒಂದೇ ನಮೂದಿನಲ್ಲಿ ಅಲ್ಪವಿರಾಮ, ಅರ್ಧವಿರಾಮಗಳ ನಡುವೆ ಸೇರಿಸುತ್ತವೆ. ಅವುಗಳಲ್ಲಿ ಯಾವುದು ಜನರ ಬಾಯಲ್ಲಿ ಇರುವ ಪದ, ಯಾವುದು ಸಂಪಾದಕರು ಅಂದು ಟಂಕಿಸಿದ ಪದ, ಯಾವುದು ಕೇವಲ ವಿವರಣೆ ಎಂಬುದು ತಿಳಿಯುವುದಿಲ್ಲ. ಇದು ಈ ಪ್ರಕಾರದ ನಿಘಂಟುಗಳ ಮೂಲಭೂತ ಸಮಸ್ಯೆಯೆಂದು ಈ ಲೇಖಕನ ಅಭಿಪ್ರಾಯ.

ಸಮಾನಪದದ ಮಿತಿ

ಕೆಲವು ಉದಾಹರಣೆಗಳಿಂದ ಇದನ್ನು ಸ್ಪಷ್ಟಪಡಿಸಬಹುದು. ಇಂಗ್ಲಿಷಿನ ‘ರೈಸ್’ ಎಂಬ ಒಂದು ಪದದ ಎದುರಿಗೆ ಭತ್ತ, ಅಕ್ಕಿ, ಅನ್ನ ಎಂಬ ಮೂರು ಪದಗಳಿವೆ. ಗದ್ದೆಯಲ್ಲಿ ಇರುವುದು, ಮೊರದಲ್ಲಿ ಇರುವುದು, ಎಲೆಯ ಮೇಲೆ ಇರುವುದು ಮೂರೂ ಬೇರೆ ಬೇರೆ. ಇಂತಹ ವ್ಯತ್ಯಾಸವನ್ನು ಸಂದರ್ಭ ತಾನಾಗಿ ಬಗೆಹರಿಸುತ್ತದೆ. ಆದರೆ ಬಂಧುತ್ವವಾಚಕಗಳಲ್ಲಿ ಸಮಸ್ಯೆ ಇನ್ನೂ ಆಳವಾದುದು. ‘ಅಂಕಲ್’ ಎಂಬುದಕ್ಕೆ ‘ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ’ ಎಂದು ಬರೆದರೆ ಅದು ಒಂದು ಪದದ ಮೂರು ಅರ್ಥಗಳಂತೆ ಕಾಣುತ್ತದೆ. ವಾಸ್ತವವಾಗಿ ಅವು ಬೇರೊಂದು ವ್ಯವಸ್ಥೆಯ ಪದಗಳು. ತಾಯಿಯ ತಂಗಿಯ ಗಂಡನೂ ಚಿಕ್ಕಪ್ಪನೇ. ಸೋದರತ್ತೆಯ ಗಂಡನೂ ಹೆಂಡತಿಯ ತಂದೆಯೂ ಮಾವಂದಿರೇ. ‘ಕಸಿನ್’ ಎಂಬುದಕ್ಕೆ ಬಳಕೆಗೆ ಬಂದಿರುವ ‘ಸೋದರ ಸಂಬಂಧಿ’ ಎಂಬ ಪದವಂತೂ ಕನ್ನಡದ ಕುಟುಂಬ ವ್ಯವಸ್ಥೆಯ ಮೂಲ ಭೇದವನ್ನೇ ಅಳಿಸಿಬಿಡುತ್ತದೆ. ಚಿಕ್ಕಪ್ಪನ ಮಗ ಅಣ್ಣನೋ ತಮ್ಮನೋ ಆಗುತ್ತಾನೆ. ಸೋದರಮಾವನ ಮಗ ಭಾವನೋ ಮೈದುನನೋ ಆಗುತ್ತಾನೆ. ಮೊದಲನೆಯವನೊಂದಿಗೆ ಮದುವೆ ಊಹಿಸಲಾಗದು, ಎರಡನೆಯವನೊಂದಿಗೆ ಅನೇಕ ಸಮುದಾಯಗಳಲ್ಲಿ ರೂಢಿಯಲ್ಲಿದೆ. ಇಬ್ಬರನ್ನೂ ‘ಸೋದರ ಸಂಬಂಧಿ’ ಎಂದು ಕರೆಯುವ ಅನುವಾದಿತ ಗದ್ಯವನ್ನು ಹಳ್ಳಿಯ ಹೆಂಗಸೊಬ್ಬಳಿಗೆ ಓದಿ ಹೇಳಿದರೆ ಆಕೆ ಮೊದಲು ಕೇಳುವ ಪ್ರಶ್ನೆ, ‘ಯಾವ ಕಡೆಯಿಂದ?’ ಎಂಬುದೇ ಆಗಿರುತ್ತದೆ. ಆ ಪ್ರಶ್ನೆಗೆ ಇಂಗ್ಲಿಷ್ ಮುಖ್ಯಪದದಲ್ಲಿ ಉತ್ತರವಿಲ್ಲ.

ನಾಮಪದಗಳಿಗಿಂತ ವ್ಯಾಕರಣದ ಪದಗಳಲ್ಲಿ ಆಗಿರುವ ಪರಿಣಾಮ ಹೆಚ್ಚು ವ್ಯಾಪಕವಾದುದು. ಇಂಗ್ಲಿಷಿನ ‘ಹ್ಯಾವ್’ ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ಒಂದೇ ಸಂವಾದಿ ಇಲ್ಲ. ‘ನನಗೆ ಇಬ್ಬರು ಮಕ್ಕಳಿದ್ದಾರೆ’, ‘ನನ್ನ ಹತ್ತಿರ ದುಡ್ಡಿದೆ’, ‘ಮಗುವಿಗೆ ಜ್ವರ ಬಂದಿದೆ’, ‘ಆ ಮನೆಗೆ ನಾಲ್ಕು ಬಾಗಿಲು’ ಎಂದು ಕನ್ನಡವು ವಿಭಕ್ತಿಯ ಮೂಲಕ, ‘ಇರು’ ಧಾತುವಿನ ಮೂಲಕ ಆ ಅರ್ಥವನ್ನು ಹೇಳುತ್ತದೆ. ಆದರೆ ನಿಘಂಟಿನಲ್ಲಿ ಕ್ರಿಯಾಪದದ ಎದುರಿಗೆ ಕ್ರಿಯಾಪದವನ್ನೇ ಕೊಡಬೇಕಾಗುತ್ತದೆ; ಪ್ರತ್ಯಯವನ್ನು ಕೊಡಲು ಅಲ್ಲಿ ಸ್ಥಳವಿಲ್ಲ. ಆದುದರಿಂದ ‘ಹೊಂದಿರು’ ಎಂಬುದು ಬಂತು. ಇಂದು ವೃತ್ತಪತ್ರಿಕೆಗಳಲ್ಲಿ ‘ಮೃತರು ಪತ್ನಿ ಹಾಗೂ ಇಬ್ಬರು ಮಕ್ಕಳನ್ನು ಹೊಂದಿದ್ದರು’ ಎಂಬಂತಹ ವಾಕ್ಯಗಳು ಸಾಮಾನ್ಯವಾಗಿವೆ. ಕಟ್ಟಡ ನಾಲ್ಕು ಬಾಗಿಲುಗಳನ್ನು ಹೊಂದಿದೆ, ರೋಗಿ ಜ್ವರವನ್ನು ಹೊಂದಿದ್ದಾನೆ! ಇದನ್ನು ಯಾವುದೇ ಒಂದು ನಿಘಂಟಿನ ದೋಷವೆಂದು ಹೇಳಲಾಗದು. ಪದಕ್ಕೆ ಪದವನ್ನು ಎದುರಿಡುವ ಪದ್ಧತಿಯ ಫಲ ಇದು.

ನಿಷೇಧಾರ್ಥವನ್ನು ನೋಡಿದರೂ ಇದೇ ಚಿತ್ರ. ಇಂಗ್ಲಿಷಿನ ‘ನೋ’ ಮತ್ತು ‘ನಾಟ್’ ಎಂಬ ಎರಡು ಪದಗಳು ನಿರ್ವಹಿಸುವ ಕೆಲಸವನ್ನು ಕನ್ನಡದಲ್ಲಿ ಇಲ್ಲ, ಅಲ್ಲ, ಬೇಡ, ಬಾರದು, ಕೂಡದು, ಒಲ್ಲೆ, ಆಗದು ಎಂಬ ಪದಗಳು ಹಂಚಿಕೊಂಡಿವೆ. ‘ಇಲ್ಲ’ ಇರುವಿಕೆಯನ್ನು ನಿರಾಕರಿಸಿದರೆ ‘ಅಲ್ಲ’ ಗುರುತನ್ನು ನಿರಾಕರಿಸುತ್ತದೆ. ‘ಬೇಡ’ ಎಂಬುದರಲ್ಲಿ ಮನಸ್ಸಿನ ನಿರಾಕರಣೆಯಿದೆ. ‘ಒಲ್ಲೆ’ ಎಂಬುದರಲ್ಲಿ ಹಟವಿದೆ. ಇವುಗಳನ್ನು ಸಾಲಾಗಿ ಬರೆದರೆ ಸಾಲದು, ಒಂದೊಂದಕ್ಕೂ ವಾಕ್ಯ ಬೇಕು. ಕಾನೂನಿನ ಭಾಷೆಯಲ್ಲಿ ‘ಶ್ಯಾಲ್’ ಎಂಬ ಸಹಾಯಕ ಕ್ರಿಯಾಪದ ಭವಿಷ್ಯತ್ಕಾಲವನ್ನಲ್ಲ, ಕಡ್ಡಾಯವನ್ನು ಹೇಳುತ್ತದೆ. ಅದಕ್ಕಾಗಿಯೇ ನಮ್ಮ ಅಧಿನಿಯಮಗಳಲ್ಲಿ ‘ತಕ್ಕದ್ದು’ ಎಂಬ ರೂಪ ನೆಲೆಗೊಂಡಿದೆ. ಅದನ್ನು ಅರಿಯದೆ ‘ಮಾಡುವನು’ ಎಂದು ಬರೆದರೆ ಕರ್ತವ್ಯವೊಂದು ಭವಿಷ್ಯವಾಣಿಯಾಗಿ ಬದಲಾಗುತ್ತದೆ.

ಪರಿಕಲ್ಪನೆಯ ಪದಗಳಲ್ಲಿ ಸಮಾನಪದದ ಆಯ್ಕೆಯೇ ಒಂದು ನಿಲುವಾಗುತ್ತದೆ. 1976ರ 42ನೆಯ ತಿದ್ದುಪಡಿಯ ಮೂಲಕ ಸಂವಿಧಾನದ ಪ್ರಸ್ತಾವನೆಗೆ ಸೇರಿದ ‘ಸೆಕ್ಯುಲರ್’ ಎಂಬ ಪದಕ್ಕೆ ಕನ್ನಡದಲ್ಲಿ ಲೌಕಿಕ, ಧರ್ಮನಿರಪೇಕ್ಷ, ಜಾತ್ಯತೀತ ಎಂಬ ಪದಗಳು ಬಳಕೆಯಲ್ಲಿವೆ. ‘ಲೌಕಿಕ’ ಎಂಬುದು ಪರಲೋಕಕ್ಕೆ ಎದುರಾಗಿ ನಿಂತರೆ, ‘ಧರ್ಮನಿರಪೇಕ್ಷ’ ಎಂಬುದು ರಾಜ್ಯವು ಮತಧರ್ಮದಿಂದ ಕಾಯ್ದುಕೊಳ್ಳುವ ಅಂತರವನ್ನು ಹೇಳುತ್ತದೆ. ‘ಜಾತ್ಯತೀತ’ ಎಂಬುದು ಮೂಲ ಪದದಲ್ಲಿ ಇಲ್ಲವೇ ಇಲ್ಲದ ಜಾತಿಯನ್ನು ಎದುರಿಗೆ ತರುತ್ತದೆ. ಆಡುಮಾತಿನಲ್ಲಿ ‘ಜಾತಿ’ ಎಂಬುದು ಮತವನ್ನೂ ಒಳಗೊಳ್ಳುವುದರಿಂದ ಈ ಪದ ಜನರಿಗೆ ಹತ್ತಿರವಾಯಿತೆಂದು ಹೇಳಬಹುದು. ಮೂರನ್ನೂ ಸಮಾನವೆಂಬಂತೆ ಪಕ್ಕಪಕ್ಕದಲ್ಲಿ ಇರಿಸುವ ನಿಘಂಟು ಈ ಚರ್ಚೆಯ ಜಾಡನ್ನೇ ಮುಚ್ಚುತ್ತದೆ.

ಕನ್ನಡವಾದ ಇಂಗ್ಲಿಷ್

ಇಂಗ್ಲಿಷ್-ಕನ್ನಡ ನಿಘಂಟುಗಳು ಎದುರಿಸಬೇಕಾದ ಇನ್ನೊಂದು ಪ್ರಶ್ನೆ, ಈಗಾಗಲೇ ಕನ್ನಡದೊಳಕ್ಕೆ ಬಂದು ಬೇರೆ ಅರ್ಥದಲ್ಲಿ ನೆಲೆಸಿರುವ ಇಂಗ್ಲಿಷ್ ಪದಗಳದ್ದು. ಇಂಗ್ಲಿಷಿನಲ್ಲಿ ‘ರೈಲ್’ ಎಂದರೆ ಕಂಬಿ ಅಥವಾ ಹಳಿ. ಕನ್ನಡದಲ್ಲಿ ‘ರೈಲು’ ಎಂದರೆ ಹಳಿಯ ಮೇಲೆ ಓಡುವ ಬಂಡಿ. ಆದುದರಿಂದ ‘ಟ್ರೈನ್’ ಎಂಬುದರ ಕನ್ನಡ ಅರ್ಥ ‘ರೈಲು’. ‘ರೈಲ್’ ಎಂಬುದರ ಕನ್ನಡ ಅರ್ಥ ‘ಹಳಿ’! ಹಾಗೆಯೇ ಇಂಗ್ಲಿಷಿನ ‘ಹೋಟೆಲ್’ ಮುಖ್ಯವಾಗಿ ತಂಗುವ ಸ್ಥಳ. ನಮ್ಮ ‘ಹೋಟೆಲು’ ಇಡ್ಲಿ, ಕಾಫಿ ಸಿಗುವ ಸ್ಥಳ. ತಂಗುವುದಕ್ಕೆ ನಾವು ‘ಲಾಡ್ಜಿ’ಗೆ ಹೋಗುತ್ತೇವೆ. ‘ಕರೆಂಟು’ ಎಂದರೆ ವಿದ್ಯುತ್ತೇ ಹೊರತು ನದಿಯ ಸೆಳವಲ್ಲ. ಉಕಾರಾಂತವಾಗಿ, ವಿಭಕ್ತಿ ಪ್ರತ್ಯಯಗಳನ್ನು ಹತ್ತಿಸಿಕೊಂಡು, ಅರ್ಥವನ್ನು ಕುಗ್ಗಿಸಿಕೊಂಡೋ ಹಿಗ್ಗಿಸಿಕೊಂಡೋ ಬದುಕುತ್ತಿರುವ ಈ ಪದಗಳು ಇಂದು ಕನ್ನಡದವೇ. ಇವುಗಳನ್ನು ಮಡಿವಂತಿಕೆಯಿಂದ ಹೊರಗಿಟ್ಟರೆ ನಿಘಂಟು ಬಡವಾಗುತ್ತದೆ. ಅರ್ಥವ್ಯತ್ಯಾಸ ಹೇಳದೆ ಒಳಗಿಟ್ಟರೆ ಓದುಗ ದಾರಿ ತಪ್ಪುತ್ತಾನೆ.

ಹೊಸದಾಗಿ ಟಂಕಿಸಿದ ಪದಗಳ ಗತಿಯೂ ಏಕಪ್ರಕಾರವಾಗಿಲ್ಲ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರದ ಹೆಸರಾದ ‘ಆಕಾಶವಾಣಿ’ ಮುಂದೆ ಇಡೀ ದೇಶದ ಬಾನುಲಿ ಸಂಸ್ಥೆಯ ಹೆಸರಾಯಿತು. ಆದರೆ ಮನೆಯ ಗೂಡಿನಲ್ಲಿದ್ದ ಪೆಟ್ಟಿಗೆಯನ್ನು ಜನ ‘ರೇಡಿಯೋ’ ಎಂದೇ ಕರೆದರು. ಒಂದೇ ಮುಖ್ಯಪದಕ್ಕೆ ಸಂಸ್ಥೆಯ ಮಟ್ಟದಲ್ಲಿ ಒಂದು ಪದ, ಮನೆಯ ಮಟ್ಟದಲ್ಲಿ ಮತ್ತೊಂದು. ಡಿ. ಎನ್. ಶಂಕರ ಭಟ್ಟರು ಇಂಗ್ಲಿಷ್ ಪದಗಳಿಗೆ ಕನ್ನಡದ್ದೇ ಪದಗಳನ್ನು ಕಟ್ಟುವ ಕೆಲಸವನ್ನು ಕೈಗೊಂಡು, ಸಂಸ್ಕೃತದ ನೆರವಿಲ್ಲದೆಯೂ ಕನ್ನಡದ ಧಾತು ಮತ್ತು ಪ್ರತ್ಯಯಗಳಿಂದ ಪದಸೃಷ್ಟಿ ಸಾಧ್ಯವೆಂಬುದನ್ನು ತೋರಿಸಿದರು. ಇದು ಗಮನಾರ್ಹವಾದ ಸಾಧನೆ. ಆದರೂ ಅಲ್ಲಿಯೂ ಪಟ್ಟಿಯ ಎಡಬದಿಯಲ್ಲಿ ನಿಂತು ಪ್ರಶ್ನೆ ಕೇಳುವುದು ಇಂಗ್ಲಿಷೇ, ಉತ್ತರಿಸುವುದು ಕನ್ನಡ ಎಂಬುದನ್ನು ಮರೆಯುವಂತಿಲ್ಲ.

ಬಾಗಿಲಿಲ್ಲದ ಪದಗಳು

ಎಡಬದಿಯಲ್ಲಿ ಇಂಗ್ಲಿಷ್ ಪದವಿಲ್ಲದಿದ್ದರೆ ಬಲಬದಿಯಲ್ಲಿ ಕನ್ನಡ ಪದಕ್ಕೆ ಪ್ರವೇಶವೇ ಇಲ್ಲ. ಎಂಜಲು, ಮೈಲಿಗೆ, ಹುಸಿಮುನಿಸು, ಮುಯ್ಯಿ, ಒಕ್ಕಲು, ಉಡಿ ತುಂಬುವುದು ಮೊದಲಾದವು ಯಾವ ಇಂಗ್ಲಿಷ್ ಪದದ ಮುಂದೆ ಬರಬೇಕು? ‘ಲೆಫ್ಟೋವರ್’ ಎಂಬುದಕ್ಕೆ ‘ಎಂಜಲು’ ಎಂದು ಬರೆದರೆ ಅದು ತಪ್ಪು. ಬಾಯಿ ಸೋಂಕದೆ ಮಿಕ್ಕಿದ ಅನ್ನ ತಂಗಳಾಗಬಹುದು, ಎಂಜಲಾಗುವುದಿಲ್ಲ. ಎಂಜಲು ಎಂಬ ಪದದ ಹಿಂದೆ ಯಾರು ಯಾರ ಎಲೆಯನ್ನು ಎತ್ತಬೇಕಾಗಿತ್ತೆಂಬ ಸಾಮಾಜಿಕ ಇತಿಹಾಸವಿದೆ. ಅದು ಇಂಗ್ಲಿಷಿನ ಮೂಲಕ ಬರಲಾರದು. ಇಂಗ್ಲಿಷ್-ಕನ್ನಡ ನಿಘಂಟೊಂದನ್ನೇ ಕನ್ನಡದ ಪದಸಂಪತ್ತಿನ ಅಳತೆಗೋಲಾಗಿ ಬಳಸಿದರೆ ಇಂತಹ ಪದಗಳೆಲ್ಲ ಲೆಕ್ಕದಿಂದ ಹೊರಗುಳಿಯುತ್ತವೆ. ಅವುಗಳ ಬದಲಿಗೆ ಯಾರೂ ಆಡದ ಸಂಸ್ಕೃತ ಸಮಾಸಗಳು ಒಳಗೆ ಬರುತ್ತವೆ.

ಈ ದೃಷ್ಟಿಯಿಂದ ಕಿಟೆಲ್‌ನ 1894ರ ಕನ್ನಡ-ಇಂಗ್ಲಿಷ್ ನಿಘಂಟು ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ-ಕನ್ನಡ ನಿಘಂಟು ಬೇರೆಯೇ ಮಾದರಿಗಳು. ಎರಡರಲ್ಲಿಯೂ ಹೊರಡುವುದು ಕನ್ನಡದಿಂದ. ಕಿಟೆಲ್ ಕಾವ್ಯಪ್ರಯೋಗಗಳನ್ನೂ ಗಾದೆಗಳನ್ನೂ ಆಧಾರವಾಗಿ ಕೊಟ್ಟ. 1970ರಿಂದ 1995ರವರೆಗೆ ಪ್ರಕಟವಾದ ಪರಿಷತ್ತಿನ ನಿಘಂಟು ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಉದಾಹರಿಸಿತು. ಪ್ರಯೋಗದ ಸಾಕ್ಷ್ಯವಿದ್ದಾಗ ಅರ್ಥವು ಸಂಪಾದಕರ ಅಭಿಪ್ರಾಯವಾಗಿ ಉಳಿಯದೆ ಪರಿಶೀಲನೆಗೆ ಒಳಪಡುವ ಸಂಗತಿಯಾಗುತ್ತದೆ. ಇಂಗ್ಲಿಷ್-ಕನ್ನಡ ನಿಘಂಟುಗಳಲ್ಲಿ ಕನ್ನಡ ಪದಕ್ಕೆ ಈ ಬಗೆಯ ಸಾಕ್ಷ್ಯವನ್ನು ಒದಗಿಸುವ ಪರಂಪರೆ ಬೆಳೆಯಲಿಲ್ಲ.

ಇಂದಿನ ಅಗತ್ಯ

ಈ ವಿಮರ್ಶೆ ಹಿಂದಿನವರ ಶ್ರಮವನ್ನು ಅಲ್ಲಗಳೆಯುವುದಕ್ಕಾಗಿ ಅಲ್ಲ. ಬಿ. ಎಂ. ಶ್ರೀಕಂಠಯ್ಯನವರ ತಲೆಮಾರಿನವರು ಮೈಸೂರು ವಿಶ್ವವಿದ್ಯಾನಿಲಯದ ನಿಘಂಟಿಗಾಗಿ ದುಡಿದುದರ ಬೆಲೆಯನ್ನೂ, ತಮ್ಮ ನೂರೇಳನೆಯ ವಯಸ್ಸಿನಲ್ಲಿ 2021ರಲ್ಲಿ ತೀರಿಕೊಂಡ ಜಿ. ವೆಂಕಟಸುಬ್ಬಯ್ಯನವರು ನಿಘಂಟಿಗೆ ಒಂದು ಜೀವಮಾನವನ್ನೇ ಮುಡಿಪಾಗಿಟ್ಟುದನ್ನೂ ಕನ್ನಡ ಮರೆಯಲಾರದು. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತ ಮಾಡಿದ ಕೆಲಸವಂತೂ ಇಲ್ಲಿ ವಿಶೇಷವಾಗಿ ಪ್ರಸ್ತುತ. ಅಲ್ಲಿ ಪದ ಒಂಟಿಯಾಗಿ ನಿಲ್ಲದೆ, ಕೇಳಿದವರ ಸಂದೇಹದೊಂದಿಗೆ, ಬಳಕೆಯೊಂದಿಗೆ, ವ್ಯುತ್ಪತ್ತಿಯೊಂದಿಗೆ ಬರುತ್ತಿತ್ತು. ನಿಘಂಟಿನ ನಮೂದು ಹೇಗಿರಬೇಕೆಂಬುದಕ್ಕೆ ಅದೊಂದು ಮಾದರಿ.

ಗಣಕದ ಬಳಕೆಯಿಂದ ಅಕಾರಾದಿ ಕ್ರಮದ ಅನಿವಾರ್ಯತೆ ಇಂದು ಕಡಿಮೆಯಾಗಿದೆ. ವಿ. ಕೃಷ್ಣ ಅವರು ಹಲವು ದಶಕಗಳ ಕಾಲ ಸಿದ್ಧಪಡಿಸಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ನಮೂದುಗಳಿರುವ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತವಾಗಿ ಅಂತರ್ಜಾಲಕ್ಕೆ ಬಂದುದು ದೊಡ್ಡ ಕೊಡುಗೆ. ಆದರೆ ಕ್ರಮ ಮಾಯವಾದ ಮಾತ್ರಕ್ಕೆ ಪದಕ್ಕೆ ಪದವೆಂಬ ತತ್ತ್ವ ಮಾಯವಾಗುವುದಿಲ್ಲ. ಹಿಂದೆ ಓದುಗ ತನಗೆ ಬೇಕಾದ ನಮೂದನ್ನು ಹುಡುಕುವಾಗ ಪುಟದ ಮೇಲಿನ ಹತ್ತಾರು ಪದಗಳ ಮೇಲೆ ಕಣ್ಣಾಡಿಸುತ್ತಿದ್ದ; ಒಂದು ಪದದ ಐದು ಅರ್ಥಗಳನ್ನಾದರೂ ನೋಡುತ್ತಿದ್ದ. ಈಗ ಯಂತ್ರ ಅವನಿಗಾಗಿ ಒಂದನ್ನು ಆರಿಸಿ ಕೊಡುತ್ತದೆ. ಆರಿಸುವ ಹೊಣೆಯನ್ನು ಬಿಟ್ಟುಕೊಟ್ಟ ಓದುಗನಿಗೆ ಉಳಿದ ಅರ್ಥಗಳಿದ್ದವೆಂಬುದೇ ತಿಳಿಯುವುದಿಲ್ಲ.

ಆದುದರಿಂದ ಮುಂದಿನ ಇಂಗ್ಲಿಷ್-ಕನ್ನಡ ನಿಘಂಟು ಕೆಲವು ಸಂಗತಿಗಳನ್ನು ಗಮನದಲ್ಲಿ ಇಟ್ಟುಕೊಳ್ಳುವುದು ಅಗತ್ಯ. ಒಂದು, ವಿವರಣೆಯನ್ನೂ ಸಮಾನಪದವನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಎರಡು, ಪ್ರತಿಯೊಂದು ಸಮಾನಪದಕ್ಕೂ ಬಳಕೆಯ ಕನ್ನಡ ವಾಕ್ಯವಿರಬೇಕು. ಎಲ್ಲಿ ಪ್ರತ್ಯಯವೇ ಅರ್ಥವೋ ಅಲ್ಲಿ ಪ್ರತ್ಯಯವನ್ನೇ ಕೊಡಬೇಕು. ಮೂರು, ಟಂಕಿಸಿದ ಪದ ಯಾವುದು, ರೂಢಿಯ ಪದ ಯಾವುದು, ಅದು ಕರಾವಳಿಯದೋ ಧಾರವಾಡದ ಕಡೆಯದೋ ಕಲಬುರಗಿಯದೋ ಎಂಬ ಸೂಚನೆ ಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ವೃತ್ತಿಪದಕೋಶಗಳಂತಹ ಸಂಗ್ರಹಗಳು ಇದಕ್ಕೆ ಆಧಾರವಾಗಬಲ್ಲವು. ನಾಲ್ಕು, ನಿಘಂಟಿನ ಕೊನೆಯಲ್ಲಿ ಅದರೊಳಗಿನ ಕನ್ನಡ ಪದಗಳೆಲ್ಲವೂ ಕನ್ನಡದ ಅಕಾರಾದಿಯಲ್ಲಿ ಇರಬೇಕು. ಆ ಪಟ್ಟಿಯನ್ನು ನೋಡಿದಾಗ ಯಾವ ಪದಗಳು ಬಂದಿವೆ ಎಂಬುದಕ್ಕಿಂತ ಯಾವುವು ಬಂದಿಲ್ಲ ಎಂಬುದು ನಮಗೆ ಕಾಣಿಸುತ್ತದೆ.

ಒಟ್ಟಾರೆಯಾಗಿ ಹೇಳುವುದಾದರೆ, ಇಂಗ್ಲಿಷ್ ಪದಗಳಿಗೆ ಅರ್ಥ ಹುಡುಕುತ್ತ ನಾವು ಎರಡು ಶತಮಾನಗಳಲ್ಲಿ ಕನ್ನಡಕ್ಕೆ ಅನೇಕ ಪದಗಳನ್ನು ಗಳಿಸಿಕೊಟ್ಟಿದ್ದೇವೆ. ಅದೇ ದಾರಿಯಲ್ಲಿ ಕನ್ನಡದ ಕೆಲವು ವಾಕ್ಯಗಳನ್ನು ಕಳೆದುಕೊಂಡಿದ್ದೇವೆ. ‘ನನಗೆ ಇಬ್ಬರು ಮಕ್ಕಳು’ ಎಂಬ ಮೂರು ಪದಗಳ ಮಾತನ್ನು ಉಳಿಸಿಕೊಳ್ಳುವುದು ಹೊಸ ಪದವೊಂದನ್ನು ಟಂಕಿಸುವುದಕ್ಕಿಂತ ಕಡಿಮೆ ಮಹತ್ವದ ಕೆಲಸವಲ್ಲ. ಆ ಮಾತಿಗೂ ತನ್ನ ಪುಟಗಳಲ್ಲಿ ಸ್ಥಳ ಕೊಡಬಲ್ಲ ನಿಘಂಟು ಕನ್ನಡಕ್ಕೆ ಇನ್ನೂ ಬರಬೇಕಾಗಿದೆ.